ಮಣೆ ಹತ್ತಿ ದೀಪ ಹಾಕುವ ಮನೆ

ನನ್ನ ಪರ್ಸಿನಲ್ಲಿ ಸದಾ ಒಂದು ಟೆಸ್ಟರ್ ಇರುತ್ತದೆ. ಸ್ಕ್ರೂಡ್ರೈವರಿನಂಥದ್ದು, ಹಿಡಿಕೆಯೊಳಗೆ ಪುಟ್ಟದೊಂದು ದೀಪ. ತುದಿ ತಾಗಿದ ಕಡೆ ಕರೆಂಟ್ ಇದ್ದರೆ ಆ ದೀಪ ಕೆಂಪಗೆ ಕಣ್ಣು ಬಿಡುತ್ತದೆ. ಬೇರೆ ಹೆಂಗಸರು ಲಿಪ್‌ಸ್ಟಿಕ್ ಇಡುವ ಜೇಬಿನಲ್ಲಿ ನಾನು ಅದನ್ನು ಇಟ್ಟುಕೊಂಡಿದ್ದೇನೆ. ಒಮ್ಮೆ ಮಾಲ್‌ನ ಬಾಗಿಲಲ್ಲಿ ತಪಾಸಣೆಯವಳು ಅದನ್ನು ಹೊರಗೆಳೆದು, ‘ಮ್ಯಾಡಮ್, ಆಪ್ ಇಲೆಕ್ಟ್ರಿಷಿಯನ್ ಹೋ ಕ್ಯಾ?’ ಎಂದು ಕೇಳಿದ್ದಳು. ಅಲ್ಲ, ನಾನು ಬೇಲಾಪುರದ ಒಂದು ಬ್ಯಾಂಕಿನಲ್ಲಿ ಜನರ ಅರ್ಜಿಗಳನ್ನು ಓದಿ ಅವುಗಳಲ್ಲಿ ಏನೇನು ಕೆಡಬಹುದು ಎಂದು ಊಹಿಸುವವಳು. ಹೆದರುವುದು ನನ್ನ ನಿಜವಾದ ಕಸುಬು. ಬ್ಯಾಂಕು ಅದಕ್ಕೆ ಸಂಬಳ ಕೊಡುತ್ತದೆ, ಅಷ್ಟೆ. ಹೋಟೆಲಿನ ಕೋಣೆಗೆ ಹೋದರೆ ಉಳಿದವರು ಹಾಸಿಗೆ ಮೆತ್ತಗಿದೆಯೇ ಎಂದು ನೋಡುತ್ತಾರೆ, ನಾನು ಸ್ವಿಚ್ ಬೋರ್ಡಿನ ಸ್ಕ್ರೂಗಳಿಗೆ ಟೆಸ್ಟರ್ ಇಟ್ಟು ನೋಡುತ್ತೇನೆ. ಮಗಳು ತಲೆ ತಗ್ಗಿಸಿ, ‘ಮಮ್ಮಾ, ಪ್ಲೀಸ್, ಯಹಾಂ ನಹೀಂ’ ಎನ್ನುತ್ತಾಳೆ. ಮೈಸೂರಿನವರಾದ ನನ್ನ ಗಂಡ ಹೆಚ್ಚು ಮಾತಾಡುವುದಿಲ್ಲ, ‘ಮುಗೀತಾ ಪೂಜೆ?’ ಎಂದು ಕೇಳಿ ಕಾಲು ಚಾಚುತ್ತಾರೆ. ಹುಟ್ಟುವಾಗಲೇ ಯಾರೂ ಹೀಗಿರುವುದಿಲ್ಲ. ನನ್ನನ್ನು ಹೀಗೆ ಮಾಡಿದ್ದು ಒಂದು ಮನೆ.

ಆ ಮನೆ ಡೊಂಬಿವಲಿ ಪೂರ್ವದಲ್ಲಿ, ಒಂದು ಹಳೆಯ ಕಟ್ಟಡದ ಎರಡನೇ ಮಾಳಿಗೆಯಲ್ಲಿತ್ತು. ಒಂದು ಕೋಣೆ, ಒಂದು ಅಡುಗೆಮನೆ, ಅಡುಗೆಮನೆಗೆ ಅಂಟಿಕೊಂಡೇ ಬಚ್ಚಲು. ಅಪ್ಪ ಫೋರ್ಟಿನ ಆಫೀಸಿನಲ್ಲಿ ಗುಮಾಸ್ತರು; ಬೆಳಿಗ್ಗೆ ಲೋಕಲ್ ರೈಲಿಗೆ ನುಗ್ಗಿ ಹೋದವರು ಅಂಗಿಯ ಗುಂಡಿಗಳೆಲ್ಲ ಉಳಿದಿದ್ದರೆ ಅದೇ ದೊಡ್ಡದು ಎಂಬಂತೆ ಸಂಜೆ ಮರಳುತ್ತಿದ್ದರು. ಅಪ್ಪನ ತಾಯಿ, ನಮ್ಮಜ್ಜಿ, ಉಡುಪಿಯ ಹತ್ತಿರದ ಹಳ್ಳಿಯಿಂದ ತನ್ನ ಮಡಿಯನ್ನು ಮಡಚಿ ಟ್ರಂಕಿನಲ್ಲಿ ಹಾಕಿಕೊಂಡು ಬಂದು, ಆ ಅಂಗೈಯಗಲದ ಜಾಗದಲ್ಲಿ ಬಿಡಿಸಿ ಹಾಸಿದ್ದರು. ಅಮ್ಮ ಅದರ ಅಂಚು ತುಳಿಯದೆ ಅಡುಗೆ ಮಾಡುವುದನ್ನು ಕಲಿತಿದ್ದಳು. ಮನೆಮಾತು ಕನ್ನಡ, ಜಗಳ ಮಾತ್ರ ತುಳುವಿನಲ್ಲಿ, ಹಾಲಿನವನ ಹತ್ತಿರ ಮರಾಠಿ. ಮಳೆಗಾಲ ಬಂತೆಂದರೆ ಬಚ್ಚಲಿನ ಗೋಡೆ ನೀರು ಕುಡಿಯತೊಡಗಿ, ನವರಾತ್ರಿ ಕಳೆದರೂ ಒಣಗುತ್ತಿರಲಿಲ್ಲ. ಗೋಡೆಯ ಮೇಲೆ ಮರದ ಪಟ್ಟಿ, ಪಟ್ಟಿಯ ಮೇಲೆ ಬಟ್ಟೆ ಸುತ್ತಿದ ಹಳೇ ಕಾಲದ ವೈರು, ಮರದ ಹಲಗೆಗೆ ಕೂರಿಸಿದ ದುಂಡನೆಯ ಕಪ್ಪು ಸ್ವಿಚ್ಚುಗಳು. ನೋಡಲು ದರಿದ್ರವಾಗಿದ್ದವು, ಆದರೆ ಯಾರಿಗೂ ಏನೂ ಮಾಡುತ್ತಿರಲಿಲ್ಲ. ‘ಒಮ್ಮೆ ಬದಲಾಯಿಸಬೇಕು’ ಎಂದು ಅಪ್ಪ ಆಗಾಗ ಹೇಳುತ್ತಿದ್ದರು, ‘ಒಮ್ಮೆ ಊರಿಗೆ ಹೋಗಬೇಕು’ ಎನ್ನುವ ಧಾಟಿಯಲ್ಲೇ.

ಅಪ್ಪನ ತಂಗಿ ವನಜತ್ತೆಯನ್ನು ಕಲ್ಯಾಣಕ್ಕೆ ಕೊಟ್ಟಿತ್ತು. ಅವಳ ಗಂಡ, ಅಂದರೆ ನಮ್ಮ ಮಾವ, ಮಹಾಪೆಯ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಸೂಪರ್‌ವೈಸರ್. ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸ್ಪ್ಯಾನರ್. ಕೆಟ್ಟ ಮನುಷ್ಯ ಎಂದು ನಾನು ಇವತ್ತಿಗೂ ಹೇಳಲಾರೆ. ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ತಾನು ಮಾಡಿದ್ದರಲ್ಲಿ ತಪ್ಪಿರಬಹುದು ಎಂಬ ಯೋಚನೆ ಮಾತ್ರ ಅವರ ತಲೆಯ ದಾರಿಯಲ್ಲಿ ಯಾವತ್ತೂ ನಡೆದು ಬಂದದ್ದಿಲ್ಲ. ಅತ್ತೆ ಅಡುಗೆಮನೆಯಲ್ಲಿ ಗ್ಯಾಸಿನ ವಾಸನೆ ಬರುತ್ತಿದೆ ಎಂದರೆ, ತಾನೇ ಕೂರಿಸಿದ ರೆಗ್ಯುಲೇಟರಿನಿಂದ ವಾಸನೆ ಬರಲು ಸಾಧ್ಯವಿಲ್ಲವಾದ್ದರಿಂದ, ಕೆಟ್ಟಿರುವುದು ಅವಳ ಮೂಗು. ಹೀಗೆ ಮೂಗಿನಿಂದ ಶುರುವಾದದ್ದು ಮೆಲ್ಲಗೆ ಮೇಲೇರಿ ತಲೆಯವರೆಗೆ ಹೋಯಿತು. ‘ಇವಳಿಗೆ ಇಲ್ಲದ್ದೆಲ್ಲ ಉಂಟು ಅಂತ ಕಾಣ್ತದೆ’ ಎಂದು ಮಾವ ಬಂದವರ ಹತ್ತಿರ ನಗುತ್ತಲೇ ಹೇಳುತ್ತಿದ್ದರು. ಒಂದು ದಿನ ಅತ್ತೆ ಟ್ರಂಕು ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದಳು. ಇಡೀ ಬೇಸಿಗೆ ಅವಳು ನಮ್ಮಲ್ಲೇ ಇದ್ದಳು, ನನ್ನ ಪಕ್ಕದಲ್ಲಿ ಮಲಗುತ್ತಿದ್ದಳು, ನನಗೆ ಜಡೆ ಹಾಕುತ್ತಿದ್ದಳು, ಮಾತು ಕಡಿಮೆ. ಅಜ್ಜಿ ದೇವರ ಮುಂದೆ ಕೂತು ಮಗಳ ಸಂಸಾರ ಸರಿಹೋಗಲಿ ಎಂದು ದೇವರಿಗೆ ಕೇಳಿಸುವಷ್ಟೂ ಸೊಸೆಗೆ ಕೇಳಿಸುವಷ್ಟೂ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದರು.

ಮಳೆಗಾಲದ ಮೊದಲು ಮಾವ ಬಂದರು. ಹಿರಿಯರು ಯಾರೋ ನಡುವೆ ಮಾತಾಡಿದ್ದರು. ಬರುವಾಗ ಹೆಗಲ ಮೇಲೆ ವೈರಿನ ಸುರುಳಿ, ಚೀಲದಲ್ಲಿ ಕಾರ್ಖಾನೆಯಲ್ಲಿ ಮೂಲೆಗೆ ಬಿದ್ದಿದ್ದ ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆಗಳು. ಅಪ್ಪನೂ ಅವರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು.

‘ಭಾವ, ನಿಮ್ಮ ಮನೆಯ ವೈರಿಂಗ್ ನೋಡಿದ್ರೆ ನನಗೆ ಹೆದರಿಕೆ ಆಗ್ತದೆ. ನಾನಿರುವಾಗ ನಿಮಗೆಂತ ಚಿಂತೆ?’

ಅದೇ ಅವರ ರಾಜಿ. ಕ್ಷಮೆ ಕೇಳುವುದು ಅವರ ಜಾಯಮಾನವಲ್ಲ, ಅದರ ಬದಲು ನಮ್ಮ ಮನೆಗೆ ಹೊಸ ಸ್ವಿಚ್ಚು ಹಾಕಿಕೊಟ್ಟರು. ಮರದ ಹಲಗೆಗಳೆಲ್ಲ ಕಿತ್ತುಬಂದವು. ಬಚ್ಚಲಿಗೆ ಅಂಟಿದ ಅದೇ ಒದ್ದೆ ಗೋಡೆಗೆ ಕಬ್ಬಿಣದ ಪೆಟ್ಟಿಗೆಗಳು ಏರಿದವು. ವೈರಿನ ಜೊತೆ ಒಂದು ಹಸಿರು ತಂತಿಯೂ ಬಂದಿತ್ತು. ಪೆಟ್ಟಿಗೆಯಿಂದ ನೆಲಕ್ಕೆ ಅರ್ತಿಂಗ್ ಎಳೆಯಲು ಇರುವುದು ಅದು, ಪೆಟ್ಟಿಗೆಗೆ ಕರೆಂಟು ಇಳಿದರೆ ಮನುಷ್ಯರನ್ನು ಬಿಟ್ಟು ಭೂಮಿಗೆ ಹೋಗಲಿ ಎಂದು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು, ಹೆದರುವವರು ಓದಿಕೊಳ್ಳುತ್ತಾರೆ. ಆಗ ಅಪ್ಪ ಕೇಳಿದ್ದು ಇಷ್ಟು:

‘ಈ ಹಸುರು ಎಲ್ಲಿಗೆ ಭಾವ?’

‘ಅದು ಅರ್ತಿಂಗಿಂದು. ಮನೆಗೆಂತಕ್ಕೆ ಅದು? ಇಲ್ಲೆಂತ ಲೇಥ್ ಮಿಷನ್ ಇಟ್ಟಿದ್ದೀರಾ?’

ಅಪ್ಪ ನಕ್ಕರು. ಹಸಿರು ತಂತಿ ದಂಡವಾಗುವುದು ಬೇಡವೆಂದು ಅಜ್ಜಿ ಅದನ್ನು ಬಾಲ್ಕನಿಗೆ ಕಟ್ಟಿಸಿಕೊಂಡು ಮಡಿಸೀರೆ ಒಣಹಾಕಲು ಬಳಸಿದರು. ನಮ್ಮ ಪ್ರಾಣ ಕಾಯಬೇಕಾಗಿದ್ದ ತಂತಿ ಹಾಗೆ ವರ್ಷಗಟ್ಟಲೆ ಅಜ್ಜಿಯ ಸೀರೆ ಕಾಯಿತು. ಸಂಜೆ ದೀಪಗಳೆಲ್ಲ ಬೆಳಗಿದವು, ಅಮ್ಮ ಪಾಯಸ ಮಾಡಿದಳು, ಅತ್ತೆ ಟ್ರಂಕು ಎತ್ತಿಕೊಂಡು ಗಂಡನ ಹಿಂದೆ ಮೆಟ್ಟಿಲಿಳಿದಳು. ಅಜ್ಜಿ ಕಣ್ಣೊರೆಸಿಕೊಂಡು ಹೊಸ ಸ್ವಿಚ್ಚಿಗೆ ಕುಂಕುಮ ಹಚ್ಚಿದರು.

ಮಳೆ ಹಿಡಿದ ಮೇಲೆ ಪೆಟ್ಟಿಗೆಗಳು ಮಾತಾಡತೊಡಗಿದವು. ಮೊದಲು ಬೆರಳ ತುದಿಗೆ ಬರೀ ಇರುವೆ ನಡೆದ ಹಾಗೆ. ಆಮೇಲೆ ಜುಮ್ಮ್ ಎಂದು ಮೊಣಕೈವರೆಗೆ. ಗೋಡೆ ಚೆನ್ನಾಗಿ ನೆನೆದ ದಿನಗಳಲ್ಲಿ ಯಾರೋ ಒಳಗಿನಿಂದ ಕೈ ಹಿಡಿದು ಜಗ್ಗಿದ ಹಾಗೆ. ಅಪ್ಪ ಒಂದು ಟೆಸ್ಟರ್ ತಂದು ಪೆಟ್ಟಿಗೆಗೆ ಮುಟ್ಟಿಸಿ ನೋಡಿದರು. ದೀಪ ಕೆಂಪಗೆ ಉರಿಯಿತು. ಅಪ್ಪ ಅದನ್ನು ನೋಡಿದರು, ಅಮ್ಮ ನೋಡಿದಳು, ಇಬ್ಬರೂ ಅಜ್ಜಿಯನ್ನು ನೋಡಿದರು.

‘ಅಳಿಯ ಮಾಡಿದ ಕೆಲಸಕ್ಕೆ ಹೆಸರಿಡ್ಬಾರ್ದು’ ಎಂದರು ಅಜ್ಜಿ. ‘ಸ್ವಲ್ಪ ಕರೆಂಟ್ ತಾಗಿದ್ರೆ ವಾತಕ್ಕೆ ಒಳ್ಳೇದಂತೆ.’

‘ನಿಮ್ಮ ವಾತಕ್ಕೆ ಒಳ್ಳೇದಿರ್ಬಹುದು. ನನಗೆ ವಾತ ಇಲ್ಲ’ ಎಂದಳು ಅಮ್ಮ.

‘ಬೇರೆ ಜನ ಕರೆಸಿ ಕಿತ್ತು ಹಾಕಿಸಿದ್ರೆ ಅವನಿಗೆ ಗೊತ್ತಾಗುದಿಲ್ವಾ? ಮತ್ತೆ ಟ್ರಂಕ್ ಸಮೇತ ನನ್ನ ಮಗಳನ್ನು ಇಲ್ಲಿ ತಂದು ಬಿಡ್ತಾನೆ. ಆಗ ನೀನು ಇಟ್ಕೊಳ್ತೀಯಾ?’

ಅಮ್ಮ ಒಲೆಯ ಕಡೆ ತಿರುಗಿದಳು. ಹಾಗೆ ಅದು ತೀರ್ಮಾನವಾಯಿತು: ನಮ್ಮ ಮನೆಯ ಸ್ವಿಚ್ಚುಗಳು ಎಷ್ಟು ದಿನ ಸುಮ್ಮನಿರುತ್ತವೋ ಅಷ್ಟು ದಿನ ಕಲ್ಯಾಣದಲ್ಲಿ ಅತ್ತೆಯ ಸಂಸಾರ ಇರುತ್ತದೆ. ಸ್ವಿಚ್ಚುಗಳು ಸುಮ್ಮನಿರಲು ಒಪ್ಪದ ಕಾರಣ ನಾವು ಸುಮ್ಮನಾದೆವು.

ಪರಿಹಾರ ಕಂಡುಹಿಡಿದದ್ದು ಅಪ್ಪ. ಒಣಮರದ ಮೇಲೆ ನಿಂತರೆ ಕರೆಂಟಿಗೆ ನೆಲ ಸಿಗುವುದಿಲ್ಲವಂತೆ ಎಂದು ರೈಲಿನಲ್ಲಿ ಯಾರೋ ಹೇಳಿದ್ದರು. ಮನೆಯಲ್ಲಿ ಊಟಕ್ಕೆ ಕೂರುವ ಮಣೆಗಳಿದ್ದವು. ಒಂದೊಂದು ಸ್ವಿಚ್ಚಿನ ಬುಡಕ್ಕೆ ಒಂದೊಂದು ಮಣೆ ಹೋಯಿತು. ಅಜ್ಜಿಯ ಹಿತ್ತಾಳೆ ಮೊಳೆಯ ಕೆತ್ತನೆಯ ಮಣೆ ದೇವರ ಮೂಲೆಯ ಸ್ವಿಚ್ಚಿಗೆ, ನನ್ನ ಪುಟ್ಟ ಮಣೆ ಬಚ್ಚಲಿನದ್ದಕ್ಕೆ. ಮಣೆ ಹತ್ತು, ದೀಪ ಹಾಕು, ಮಣೆ ಇಳಿ. ಊಟಕ್ಕೆ ಮಾತ್ರ ಎಲ್ಲರೂ ಬರೀ ನೆಲದ ಮೇಲೆ ಕೂರತೊಡಗಿದೆವು. ಅಮ್ಮ ಅಡುಗೆಮನೆಯಲ್ಲಿ ಕೈ ಒದ್ದೆ ಇದ್ದಾಗ ತೆಂಗಿನ ಗೆರಟೆಯ ಸೌಟಿನ ಮರದ ಹಿಡಿಯಿಂದ ಸ್ವಿಚ್ಚು ಒತ್ತುತ್ತಿದ್ದಳು, ಒಗ್ಗರಣೆಯ ಸಾಸಿವೆ ಸ್ವಿಚ್ಚಿಗೆ ಅಂಟಿರುತ್ತಿತ್ತು. ಸ್ನೇಹಿತೆಯರ ಮನೆಗೆ ಹೋದಾಗ ಅವರು ಬರಿಗಾಲಲ್ಲಿ ನಿಂತು ಪಟ್ಟೆಂದು ದೀಪ ಹಾಕುವುದನ್ನು ಕಂಡು, ಇವರ ತಂದೆತಾಯಿಗೆ ಮಕ್ಕಳ ಮೇಲೆ ಪ್ರೀತಿಯೇ ಇಲ್ಲವೇ ಎಂದು ನಾನು ಮರುಗುತ್ತಿದ್ದೆ.

ಇಷ್ಟೂ ವ್ಯವಸ್ಥೆ ಮಾವ ಬರುವ ದಿನ ತಲೆಕೆಳಗಾಗಬೇಕಿತ್ತು. ‘ಭಾವ ಬರ್ತಾರಂತೆ’ ಎಂದು ಅಪ್ಪ ಹೇಳಿದ ಕೂಡಲೇ ಮಣೆಗಳು ಗೋಡೆಬುಡ ಬಿಟ್ಟು ಊಟದ ಜಾಗಕ್ಕೆ ಮರಳುತ್ತಿದ್ದವು. ಅದಕ್ಕೆ ಮೊದಲು ಎಲ್ಲ ದೀಪಗಳನ್ನೂ ಹಾಕಿಟ್ಟುಬಿಡುವುದು, ಅವರೆದುರು ಯಾರೂ ಸ್ವಿಚ್ಚು ಮುಟ್ಟುವ ಪ್ರಸಂಗವೇ ಬರದ ಹಾಗೆ. ಆ ಕೆಲಸ ನನ್ನದು. ಏಪ್ರಿಲಿನ ಮಟಮಟ ಮಧ್ಯಾಹ್ನದಲ್ಲೂ ನಮ್ಮ ಮನೆ ಮದುವೆಮನೆಯಂತೆ ಉರಿಯುತ್ತಿತ್ತು. ಪಕ್ಕದ ಮನೆಯ ಮರಾಠಿ ಕಾಕೂ ಇಣುಕಿ, ‘ಆಜ್ ಕಾಯ್ ದಿವಾಳಿ ಆಹೇ ಕಾ?’ ಎಂದು ಕೇಳಿದ್ದುಂಟು. ಮಾವ ಒಳಗೆ ಬಂದವರೇ ತಲೆಯೆತ್ತಿ ಟ್ಯೂಬ್‌ಲೈಟ್ ನೋಡಿ, ‘ಹೇಗುಂಟು ಬೆಳಕು?’ ಎನ್ನುತ್ತಿದ್ದರು. ‘ಫಸ್ಟ್‌ಕ್ಲಾಸ್ ಭಾವ’ ಎನ್ನುತ್ತಿದ್ದರು ಅಪ್ಪ. ಮಾವನಿಗೆ ಶಾಕ್ ಹೊಡೆಯುವ ಭಯ ನಮಗೆ ಅಷ್ಟಾಗಿ ಇರಲಿಲ್ಲ. ಅವರು ಮನೆಯೊಳಗೆ ತಾವಾಗಿ ಸ್ವಿಚ್ಚು ಮುಟ್ಟಿದ್ದನ್ನು ಯಾರೂ ಕಂಡಿಲ್ಲ. ಕೂತಲ್ಲಿಂದಲೇ ‘ವನಜಾ, ಫ್ಯಾನ್’ ಎನ್ನುವುದು, ‘ವನಜಾ, ಲೈಟ್’ ಎನ್ನುವುದು. ಇಡೀ ಕಾರ್ಖಾನೆಯ ಕರೆಂಟು ಅವರ ಕೈಯಲ್ಲಿತ್ತು, ಮನೆಯದ್ದು ಹೆಂಗಸರ ಕೈಯಲ್ಲಿ.

ಮರುವರ್ಷದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅಮ್ಮ ಮಣೆ ಮರೆತಳು. ಹಾಲು ಉಕ್ಕುತ್ತಿತ್ತು, ಅಪ್ಪನ ಡಬ್ಬಿಗೆ ಹೊತ್ತಾಗಿತ್ತು, ಅವಳು ಒದ್ದೆ ಕೈಯಲ್ಲೇ ಸ್ವಿಚ್ಚಿಗೆ ಕೈ ಹಾಕಿದಳು. ನಾನು ಕಂಡದ್ದು ಅವಳ ಬೆನ್ನು ಮಾತ್ರ. ಅದು ಒಮ್ಮೆ ಬಿಲ್ಲಿನಂತೆ ಬಗ್ಗಿ, ಆಮೇಲೆ ಅವಳು ರುಬ್ಬುವ ಕಲ್ಲಿನ ಮೇಲೆ ಬಿದ್ದಿದ್ದಳು. ಮೊಣಕೈ ಹಲಸಿನ ಕಾಯಿಯ ಹಾಗೆ ಊದಿತು. ಡಾಕ್ಟರಿಗೆ ಬಚ್ಚಲಲ್ಲಿ ಜಾರಿದ್ದೆಂದು ಹೇಳಿದೆವು. ಕಾಕೂ ಬಂದು ಕೈಗೇನಾಯಿತೆಂದು, ‘ವಹಿನಿ, ಹಾತಾಲಾ ಕಾಯ್ ಝಾಲಂ?’ ಎಂದಾಗಲೂ ಅಮ್ಮ, ‘ಪಡ್ಲೇ. ಬಾಥ್‌ರೂಮ್‌ಮಧೇ’ ಎಂದು ಬಿದ್ದ ಕತೆಯನ್ನೇ ಹೇಳಿದಳು. ಆಗಿನಿಂದ ನಾನು ಶಾಲೆಯಿಂದ ಬರುವಾಗ ಕೆಳಗಿನಿಂದಲೇ ತಲೆಯೆತ್ತಿ, ಅಡುಗೆಮನೆಯ ಕಿಟಕಿಯಲ್ಲಿ ಅಮ್ಮ ಓಡಾಡುತ್ತಿರುವುದು ಕಂಡ ಮೇಲೇ ಮೆಟ್ಟಿಲು ಹತ್ತುತ್ತಿದ್ದೆ. ಕಾಣದಿದ್ದರೆ ಅಲ್ಲೇ ನಿಲ್ಲುತ್ತಿದ್ದೆ. ಹತ್ತಿಹೋಗಿ ನೋಡುವುದಕ್ಕಿಂತ ಕೆಳಗೆ ಮಳೆಯಲ್ಲಿ ನಿಂತು ನೆನೆಯುವುದೇ ಸುಲಭ ಅನಿಸುತ್ತಿತ್ತು.

ಅಮ್ಮ ಬಿದ್ದ ಸುದ್ದಿ ಕಲ್ಯಾಣಕ್ಕೆ ಮುಟ್ಟಿ ಅತ್ತೆ ನೋಡಲು ಬಂದಳು. ಗಂಡ ಡ್ಯೂಟಿಗೆ ಹೋದ ಹೊತ್ತು, ಒಬ್ಬಳೇ, ಹೇಳದೆ ಕೇಳದೆ. ಹಾಗಾಗಿ ಮಣೆಗಳನ್ನು ತೆಗೆಯಲಿಕ್ಕೆ ಆಗಲಿಲ್ಲ, ಎಲ್ಲವೂ ಗೋಡೆಬುಡದಲ್ಲೇ ಇದ್ದವು. ಅವಳು ಚೀಲದಿಂದ ಮೂಸಂಬಿ ತೆಗೆದಿಟ್ಟು, ಅಮ್ಮನ ಕೈ ಮುಟ್ಟಿ ನೋಡಿ, ‘ಕಾಲು ತೊಳ್ಕೊಂಡು ಬರ್ತೇನೆ ಅತ್ತಿಗೆ’ ಎಂದು ಬಚ್ಚಲಿನ ಕಡೆ ನಡೆದಳು. ಬಚ್ಚಲ ಬಾಗಿಲಲ್ಲಿ ಅವಳು ಒಂದು ಕ್ಷಣವೂ ನಿಂತು ಯೋಚಿಸಲಿಲ್ಲ. ಕಾಲಿನಿಂದಲೇ ಮಣೆಯನ್ನು ಸರಿಯಾದ ಜಾಗಕ್ಕೆ ಎಳೆದುಕೊಂಡಳು, ಎರಡೂ ಪಾದ ಮೇಲಿಟ್ಟಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸ್ವಿಚ್ಚು ಒತ್ತಿದಳು. ಎಷ್ಟು ದಿನದ ರೂಢಿ ಅದು ಎಂದರೆ, ಇಳಿದ ಮೇಲಷ್ಟೇ ಅವಳಿಗೆ ತಾನು ಹತ್ತಿದ್ದು ಗೊತ್ತಾಯಿತು. ತಿರುಗಿ ಮಣೆ ನೋಡಿದಳು. ಆಮೇಲೆ ಅಡುಗೆಮನೆಯ ಸ್ವಿಚ್ಚಿನ ಬುಡ ನೋಡಿದಳು, ದೇವರ ಮೂಲೆ ನೋಡಿದಳು.

‘ಅತ್ತಿಗೆ, ಇದೆಂತ, ಇಲ್ಲೂ ಉಂಟಾ?’

ಅಮ್ಮನ ಬಾಯಿಂದ ಬಚ್ಚಲು, ಜಾರಿದ್ದು, ಯಾವುದೂ ಬರಲಿಲ್ಲ. ಊದಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು.

‘ನಿಮ್ಮಲ್ಲಿ?’

‘ನಿಮ್ಮಲ್ಲಿ ಹಾಕಿದ ಹಾಗೇ ನಮ್ಮಲ್ಲೂ ಹಾಕಿದ್ರು ದೀಪಾವಳಿಗೆ. ಅದೇ ಪೆಟ್ಟಿಗೆ. ಮುಟ್ಟಿದ್ರೆ ಹಿಡಿತದೆ. ನಾನು ಹೇಳ್ದೆ ಅವರಿಗೆ. ಹೇಳಿದ್ರೆ, ನಿನ್ನ ಅಣ್ಣನ ಮನೆಯಲ್ಲಿ ಅದೇ ಕೈ, ಅದೇ ಮಾಲು, ಇಷ್ಟು ಸಮಯ ಆಯ್ತು, ಒಂದು ದೂರು ಇಲ್ಲ. ನಿನಗೊಬ್ಬಳಿಗೇ ಹೇಗೆ ಹೊಡಿತದೆ, ಹೇಳು ಅಂತ.’

ಅಮ್ಮ ಗೋಡೆಯ ಪೆಟ್ಟಿಗೆಯ ಕಡೆ ನೋಡಿದಳು.

‘ನಾನೆಂತ ಹೇಳ್ಲಿ? ನೀವು ಯಾರೂ ಎಂತ ಹೇಳ್ಲಿಲ್ಲ ಅಲ್ವಾ. ನನಗೂ ಹಾಗೇ ಅನಿಸ್ಲಿಕ್ಕೆ ಶುರುವಾಯ್ತು ಅತ್ತಿಗೆ, ನನ್ನದೇ ತಲೆ ಅಂತ. ಮಣೆ ಹತ್ತುದನ್ನು ಅವರು ನೋಡಿದ್ರೆ ನಗಾಡ್ತಾರೆ. ಅದಕ್ಕೆ ಕಪಾಟಿನ ಹಿಂದೆ ಅಡಗಿಸಿ ಇಡ್ತೇನೆ. ಈಗ ಡಾಕ್ಟರಿಗೆ ತೋರಿಸ್ಬೇಕು ಅಂತಾರೆ. ಥಾಣೆಯಲ್ಲಿ.’

ನಮ್ಮ ಕಡೆ ಯಾರನ್ನಾದರೂ ಹುಚ್ಚು ಎಂದು ಗೇಲಿ ಮಾಡಬೇಕಾದರೆ ‘ಥಾಣೆಗೆ ಕಳಿಸಿ’ ಎನ್ನುತ್ತಾರೆ, ಹುಚ್ಚಿನ ಆಸ್ಪತ್ರೆ ಇರುವ ಊರು ಅದು. ನಾವು ಮಕ್ಕಳು ಆಟದಲ್ಲಿ ದಿನಕ್ಕೆ ಹತ್ತಾರು ಸಲ ಒಬ್ಬರನ್ನೊಬ್ಬರು ಥಾಣೆಗೆ ಕಳಿಸುತ್ತಿದ್ದೆವು. ಅತ್ತೆ ಆ ಊರಿನ ಹೆಸರನ್ನು ಹೇಳಿದ ರೀತಿಯಲ್ಲಿ ಅದೊಂದು ನಿಜವಾದ ಜಾಗ, ಲೋಕಲ್ ಹತ್ತಿದರೆ ಇಳಿಯಬಹುದಾದ ಸ್ಟೇಷನ್ ಎಂದು ನನಗೆ ಮೊದಲ ಸಲ ತಿಳಿಯಿತು. ಅವಳ ಸಂಸಾರ ಉಳಿಯಲೆಂದು ನಾವು ನುಂಗಿಕೊಂಡ ಒಂದೊಂದು ಶಾಕೂ ಕಲ್ಯಾಣದಲ್ಲಿ ಅವಳ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಈ ಮಾತು ಆಗ ನನಗೆ ಇಷ್ಟು ಸ್ಪಷ್ಟವಾಗಿ ಹೊಳೆದಿರಲಿಲ್ಲ. ಆದರೆ ಅಮ್ಮನ ಮುಖ ನೋಡಿದರೆ ಅವಳಿಗೆ ಹೊಳೆದಿತ್ತು.

ಆ ಸಂಜೆ ಜಗಳ ತುಳುವಿನಲ್ಲಿ ನಡೆಯಿತು, ಅಂದರೆ ಗಂಭೀರವಾದದ್ದು. ಅಪ್ಪ ಇನ್ನೂ ಷೂ ಬಿಚ್ಚಿರಲಿಲ್ಲ. ಅಮ್ಮ ಹೇಳಿದ್ದರ ಸಾರ ಒಂದೇ, ಭಾವನಿಗೆ ಹೇಳಿ, ಈಗಿಂದೀಗ. ಅಪ್ಪ ಹೇಳಿದ್ದೂ ಒಂದೇ, ಹೇಗೆ ಹೇಳುವುದು. ಈಗ ಹೇಳಿದರೆ ತಂಗಿ ಹೇಳಿಕೊಟ್ಟದ್ದನ್ನು ಅಣ್ಣ ಒಪ್ಪಿಸುತ್ತಿದ್ದಾನೆ ಎನ್ನುತ್ತಾರೆ. ಇಷ್ಟು ದಿನ ಫಸ್ಟ್‌ಕ್ಲಾಸ್ ಎಂದವನು ನೀನೇ ಅಲ್ಲವಾ ಎನ್ನುತ್ತಾರೆ. ಅಜ್ಜಿ ಜಪಮಾಲೆ ಹಿಡಿದು ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ಕೊನೆಗೆ ಅವರೇ ಕನ್ನಡಕ್ಕೆ ಬಂದರು.

‘ಭಾನುವಾರ ಊಟಕ್ಕೆ ಕರಿ. ಪತ್ರೊಡೆ ಮಾಡುವಾ. ಉಂಡಾದ ಮೇಲೆ ಮೆಲ್ಲಗೆ ಹೇಳು. ಹೊಟ್ಟೆ ತುಂಬಿದ ಮೇಲೆ ಗಂಡಸರಿಗೆ ಕೋಪ ಕಡಿಮೆ.’

ಅಪ್ಪ ಒಪ್ಪಿದರು. ಮಣೆಗಳನ್ನು ಮಾತ್ರ ಸ್ವಿಚ್ಚಿನ ಬುಡದಲ್ಲಿ ಬಿಡಬಾರದು, ಬಾಗಿಲಲ್ಲೇ ಅವಮಾನ ಮಾಡಿದ ಹಾಗಾಗುತ್ತದೆ ಎಂದು ಷರತ್ತು ಹಾಕಿದರು. ಅಮ್ಮನ ಷರತ್ತೂ ಒಂದಿತ್ತು: ಈ ಸಲ ಮೊದಲೇ ದೀಪ ಹಾಕಿಡುವುದಿಲ್ಲ.

ಆ ಭಾನುವಾರ ಮುಂಬ್ರಾದ ಗುಡ್ಡಗಳ ಕಡೆಯಿಂದ ಬಂದ ಮೋಡ ನಮ್ಮ ಕಟ್ಟಡದ ಮೇಲೇ ಕೂತಂತಿತ್ತು. ಮಧ್ಯಾಹ್ನವೇ ಸಂಜೆಯಾಗಿತ್ತು. ಮಾವ ಅಜ್ಜಿಯ ಕೆತ್ತನೆಯ ಮಣೆಯ ಮೇಲೆ, ಪಕ್ಕದಲ್ಲಿ ಅಪ್ಪ, ಆಚೆ ನಾನು. ಅಮ್ಮ ಒಂದು ಕೈಗೆ ಪಟ್ಟಿ ಕಟ್ಟಿಕೊಂಡು ಇನ್ನೊಂದರಲ್ಲಿ ಬಡಿಸುತ್ತಿದ್ದಳು, ಅತ್ತೆ ಅವಳ ಹಿಂದೆ ತುಪ್ಪದ ಗಿಂಡಿ ಹಿಡಿದಿದ್ದಳು. ಮಾವ ಪತ್ರೊಡೆಯ ಎರಡನೇ ತುಂಡಿಗೆ ಬಂದಾಗ ಅಪ್ಪನಿಗಿಂತ ಮೊದಲು ತಾವೇ ವಿಷಯ ಎತ್ತಿದರು.

‘ಭಾವ, ನಿಮ್ಮ ಹತ್ತಿರ ಒಂದು ಹೇಳ್ಬೇಕಿತ್ತು. ಇವಳಿಗೆ ಈಗ ಹೊಸತು ಶುರುವಾಗಿದೆ. ಮನೆಯಲ್ಲಿ ಎಲ್ಲಿ ಮುಟ್ಟಿದ್ರೂ ಶಾಕ್ ಅಂತೆ. ಥಾಣೆಯಲ್ಲಿ ಒಬ್ಬರು ಡಾಕ್ಟರ್ ಇದ್ದಾರಂತೆ, ತೋರಿಸುವಾ ಅಂತ. ಅಲ್ಲೇ ಸ್ವಲ್ಪ ದಿನ ಇಡ್ಬೇಕಾದ್ರೂ ಆಗ್ಬಹುದು. ನೀವೆಂತ ಹೇಳ್ತೀರಿ?’

ಅಪ್ಪ ತುತ್ತು ಕಲಸುತ್ತಲೇ ಇದ್ದರು. ಕಲಸಿದ್ದನ್ನೇ ಮತ್ತೆ ಕಲಸಿದರು. ಉಂಡಾದ ಮೇಲೆ ಹೇಳುವುದೆಂದು ಮಾತಾಗಿತ್ತು, ಊಟ ಅರ್ಧದಲ್ಲಿತ್ತು.

‘ಎಂತ ಇದು ಕತ್ತಲೆ’ ಎಂದರು ಮಾವ. ‘ಉಪ್ಪಿನಕಾಯಿ ಯಾವುದು ಪಲ್ಯ ಯಾವುದು ಗೊತ್ತಾಗುದಿಲ್ಲ. ವನಜಾ, ಲೈಟ್.’

ಅತ್ತೆ ಗಿಂಡಿ ಹಿಡಿದು ನಿಂತೇ ಇದ್ದಳು. ಅಮ್ಮ ಹೇಳಿದಳು, ಬಡಿಸುವ ದನಿಯಲ್ಲೇ:

‘ನಮ್ಮಿಬ್ಬರ ಕೈಯೂ ಒದ್ದೆ ಉಂಟು. ನೀವೇ ಹಾಕಿಬಿಡಿ. ನೀವೇ ಕೂರಿಸಿದ್ದಲ್ವಾ.’

ಮಾವ ಅವಳನ್ನು ನೋಡಿದರು. ಆಮೇಲೆ ಹೆಂಡತಿಯನ್ನು ನೋಡಿದರು. ‘ಓ, ಹಾಗಾ’ ಎಂದು ಎಡಗೈಯನ್ನು ನೆಲಕ್ಕೆ ಊರಿ ಏಳಲು ಹೊರಟರು. ಸ್ವಿಚ್ಚು ಅವರಿಂದ ಮೂರು ಹೆಜ್ಜೆಯ ದೂರದಲ್ಲಿತ್ತು, ನೆಲ ತೇವವಾಗಿತ್ತು, ಬುಡದಲ್ಲಿ ಮಣೆ ಇರಲಿಲ್ಲ. ಅವರು ಅದನ್ನು ಒಮ್ಮೆ ಮುಟ್ಟಿದರೆ ಸಾಕು, ಯಾರೂ ಏನೂ ಹೇಳಬೇಕಾಗಿರಲಿಲ್ಲ. ಅಮ್ಮ ಉಸಿರು ಹಿಡಿದಿದ್ದಳು. ನಾನೂ ಹಿಡಿದಿದ್ದೆ. ಅಷ್ಟರಲ್ಲಿ ಅಪ್ಪ ಎದ್ದುಬಿಟ್ಟರು.

‘ಛೆ ಛೆ, ಎಲೆ ಮುಂದಿಂದ ನೀವು ಏಳ್ಬಾರ್ದು ಭಾವ. ಕೂತ್ಕೊಳ್ಳಿ, ಕೂತ್ಕೊಳ್ಳಿ.’

ಅಪ್ಪ ಯೋಚಿಸಿ ಎದ್ದದ್ದಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ. ಉಣ್ಣುತ್ತಿರುವ ತಂಗಿಯ ಗಂಡ ಎಲೆ ಬಿಟ್ಟು ಏಳುವುದನ್ನು ಕೂತು ನೋಡುವ ಶಕ್ತಿ ಅವರ ಮೈಯಲ್ಲಿ ಇರಲಿಲ್ಲ. ಅವರ ತಂದೆಯ ಮೈಯಲ್ಲೂ ಇರಲಿಲ್ಲ. ಬರಿಗಾಲಲ್ಲಿ ಹೋಗಿ, ಎಂಜಲಲ್ಲದ ಎಡಗೈಯನ್ನು ಸ್ವಿಚ್ಚಿಗೆ ಇಟ್ಟರು. ಭುಜ ಕಿವಿಯವರೆಗೆ ಎದ್ದಿತು. ಹಲ್ಲಿಗೆ ಹಲ್ಲು ತಾಗಿದ ಸದ್ದು ನನಗೆ ಕೇಳಿಸಿತು. ಕೈ ಹೇಗೋ ಕಿತ್ತುಬಂದಾಗ ಟ್ಯೂಬ್‌ಲೈಟ್ ಮಿಣುಕಿ ಮಿಣುಕಿ ಹತ್ತಿತು. ಆ ಬೆಳಕಿನಲ್ಲಿ ಅಪ್ಪ ನಮ್ಮ ಕಡೆ ತಿರುಗಿ ನಗುತ್ತಿದ್ದರು.

‘ಶಾಕ್ ಉಂಟಾ ಭಾವ?’ ಎಂದು ಮಾವ ಕೇಳಿದರು. ವ್ಯಂಗ್ಯವಿರಲಿಲ್ಲ, ಪರೀಕ್ಷೆ ಮಾಡುವವರ ದನಿ. ‘ಇವಳ ಎದುರು ಹೇಳಿ. ಉಂಟಾ?’

ಎಡಗೈ ಪಂಚೆಯ ಮರೆಯಲ್ಲಿ ನಡುಗುತ್ತಿತ್ತು. ಅತ್ತೆ ಅಪ್ಪನನ್ನೇ ನೋಡುತ್ತಿದ್ದಳು.

‘ಎಂತ ಶಾಕ್? ಇಲ್ಲಪ್ಪ’ ಎಂದರು ಅಪ್ಪ.

‘ಹೊಡೀತದೆ’ ಎಂದೆ ನಾನು. ‘ಅಲ್ಲಿ ಹೊಡೀತದೆ ಮಾವ. ನಾವು ಮಣೆ ಹತ್ತಿ ಹಾಕುದು. ಅಪ್ಪನ ಕೈ ನೋಡಿ.’

ಯಾರೂ ನೋಡಲಿಲ್ಲ. ಅಜ್ಜಿ, ‘ಊಟ ಮಾಡುವಾಗ ಮಾತಾಡ್ಬಾರ್ದು ಮಗೂ’ ಎಂದರು. ಮಾವ ನನ್ನನ್ನು ನೋಡಿ ಪ್ರೀತಿಯಿಂದಲೇ ನಕ್ಕರು.

‘ನೋಡಿ.  ಒಂದು ಬೇಸಿಗೆ ಜೊತೆಗಿದ್ದದ್ದಕ್ಕೆ ಇದಕ್ಕೂ ಅಂಟಿದೆ. ಅತ್ತೆಯದ್ದೇ ಅಚ್ಚು.’

ಆಗ ಅತ್ತೆ ಗಿಂಡಿ ಕೆಳಗಿಟ್ಟಳು. ಗಂಡನ ಎಲೆಯ ಪಕ್ಕ ಬಂದು ಕೂತಳು.

‘ಮಗುವನ್ನು ಬಿಡಿ. ಅದಕ್ಕೆ ನಾನೇ ಏನೇನೋ ಹೇಳಿದ್ದೆ’ ಎಂದಳು. ‘ನನಗೂ ಈಗ ಎಂತ ಇಲ್ಲ. ಮೊದಲು ಆಗ್ತಿತ್ತು. ಈಗ ಇಲ್ಲ. ಇನ್ನೊಂದು ತುಂಡು ಹಾಕ್ಲಾ?’

ಅವಳನ್ನು ಥಾಣೆಗೆ ಕರೆದೊಯ್ಯಲಿಲ್ಲ. ಅದರ ಅಗತ್ಯವೇ ಬೀಳಲಿಲ್ಲ. ಆ ದಿನದಿಂದ ಅತ್ತೆ ಕಲ್ಯಾಣದಲ್ಲಾಗಲಿ, ಆಮೇಲೆ ಅವರು ಮನೆ ಮಾಡಿದ ಟಿಟ್ವಾಳಾದಲ್ಲಾಗಲಿ ಶಾಕ್ ಎಂಬ ಮಾತನ್ನೇ ಎತ್ತಲಿಲ್ಲವಂತೆ. ‘ತಾನಾಗಿ ಗುಣ ಆಯ್ತು’ ಎಂದು ಮಾವ ಎಲ್ಲರಿಗೂ ಹೇಳುತ್ತಿದ್ದರು. ನಮ್ಮ ಗೋಡೆಯ ಪೆಟ್ಟಿಗೆಗಳು ನಾನು ಕಾಲೇಜು ಮುಗಿಸುವವರೆಗೂ ಅಲ್ಲೇ ಇದ್ದವು. ಅಮ್ಮ ಅಪ್ಪನ ಜೊತೆ ಆ ವಿಷಯಕ್ಕೆ ಮತ್ತೆ ಯಾವ ಭಾಷೆಯಲ್ಲೂ ಜಗಳವಾಡಲಿಲ್ಲ. ಮನೆಯಲ್ಲಿ ನಾನು ಯಾವುದಕ್ಕಾದರೂ ಹೆದರಿದರೆ, ಸ್ಟೋವಿಗೆ, ರೈಲಿನ ಬಾಗಿಲಿಗೆ, ತಡವಾದ ಅಪ್ಪನಿಗೆ, ‘ಅತ್ತೆಯದ್ದೇ ಅಚ್ಚು’ ಎನ್ನುವುದು ವಾಡಿಕೆಯಾಯಿತು. ಹಾಗೆ ಅಂದಾಗೆಲ್ಲ ಅಪ್ಪ ಮಾತ್ರ ಪೇಪರಿನ ಮರೆಗೆ ಹೋಗುತ್ತಿದ್ದರು.

ಆ ಭಾನುವಾರ ಮಧ್ಯಾಹ್ನ ಅತ್ತೆ, ಮಾವ ಹೊರಟಾಗ ಮಳೆ ಸ್ವಲ್ಪ ಬಿಟ್ಟಿತ್ತು. ಮಾವ ರಿಕ್ಷಾ ನಿಲ್ಲಿಸಲು ಮೊದಲೇ ಕೆಳಗಿಳಿದರು. ಅತ್ತೆ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡವಳು, ಹೋಗದೆ ನಿಂತು, ಬೀಳ್ಕೊಡಲು ಬಂದ ಅಪ್ಪನ ಎಡಗೈಯನ್ನು ಹಿಡಿದಳು. ಅಪ್ಪ ಎಳೆದುಕೊಳ್ಳಲು ನೋಡಿದರು, ಅವಳು ಬಿಡಲಿಲ್ಲ. ಮೊಣಕೈಯಿಂದ ಬೆರಳವರೆಗೆ ಮೆಲ್ಲಗೆ ಒತ್ತುತ್ತ ಬಂದಳು, ಎಲ್ಲಿ ನೋಯುತ್ತದೆ ಎಂದು ಕೇಳದೆಯೇ, ನೋಯುವ ಜಾಗಗಳಲ್ಲೇ.

‘ಇನ್ನೂ ಜುಮ್ ಅಂತದಾ ಅಣ್ಣ?’

‘ಇಲ್ಲ.’

ಕೆಳಗಿನಿಂದ ‘ವನಜಾ’ ಎಂಬ ಕೂಗು ಬಂತು. ಅವಳು ಕೈ ಬಿಟ್ಟು ಸೆರಗು ಸರಿಮಾಡಿಕೊಂಡಳು.

‘ಸಂಜೆ ಮೇಲೆ ಹೆಚ್ಚಾಗ್ತದೆ’ ಎಂದಳು. ‘ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಭುಜಕ್ಕೆ ಇಟ್ಕೊಳ್ಳಿ. ನಾನು ಹಾಗೇ ಮಾಡುದು.’